ಗಂಗಣ್ಣನ ಮಾದರಿ ರಾಜೀನಾಮೆ

ರಜಾ ಅರ್ಜಿ ಬರೆದು ಅಭ್ಯಾಸ ಮಾಡಿಕೊಂಡಿದ್ದರೆ ಗಂಗಣ್ಣನಿಗೆ ಆ ಶನಿವಾರ ಏನೂ ಆಗುತ್ತಿರಲಿಲ್ಲ. ಆದರೆ ರಜಾ ಅರ್ಜಿ ಅವನಿಗೆ ಉಪ್ಪಿಲ್ಲದ ಸಾರಿನಂತೆ ಕಂಡಿತು. ಪತ್ರ ಬರೆಯುವುದನ್ನು ಕಲಿಸುವ ಹರಕು ಪುಸ್ತಕವೊಂದನ್ನು ಮೊದಲಿನಿಂದ ಕೊನೆಯವರೆಗೆ ಮಗುಚಿ ಹಾಕಿದ ಮೇಲೆ, ಇಂಗ್ಲಿಷಿನ ನಿಜವಾದ ಗತ್ತು ಇರುವುದು ರಾಜೀನಾಮೆ ಪತ್ರದಲ್ಲಿ ಮಾತ್ರ ಎಂದು ತೀರ್ಮಾನಿಸಿದ.

ದೊಡ್ಡಬಳ್ಳಾಪುರದ ಹನುಮಂತರಾಯಪ್ಪನವರ ರೇಷ್ಮೆ ಸೀರೆ ಅಂಗಡಿಯಲ್ಲಿ ಅವನು ಗೋದಾಮಿನ ಗುಮಾಸ್ತ. ಯುದ್ಧ ನಡೆಯುತ್ತಿದ್ದ ಕಾಲ. ನೂಲಿಗೆ ಕಂಟ್ರೋಲು, ಸಕ್ಕರೆಗೆ ರೇಷನ್ನು, ಎಲ್ಲದಕ್ಕೂ ಇಂಗ್ಲಿಷಿನಲ್ಲಿ ಒಂದೊಂದು ಕಾಗದ. ಹನುಮಂತರಾಯಪ್ಪನವರಿಗೆ ರೇಷ್ಮೆಯ ಎಳೆ ಮುಟ್ಟಿದರೆ ಅದು ಯಾವ ಊರಿನ ಗೂಡೆಂದು ಗೊತ್ತಾಗುತ್ತಿತ್ತು, ಇಂಗ್ಲಿಷಿನ ಒಂದಕ್ಷರ ಮಾತ್ರ ಗೊತ್ತಾಗುತ್ತಿರಲಿಲ್ಲ. ಬಂದ ಕಾಗದ ಓದಿ ಹೇಳಿ ಉತ್ತರ ಬರೆಯುತ್ತಿದ್ದ ಹಳೆಯ ರೈಟರು ಕೆಲಸ ಬಿಟ್ಟು ಮಗನ ಮನೆ ಸೇರಿದ್ದರಿಂದ ಆ ಕುರ್ಚಿ ಖಾಲಿ ಬಿದ್ದಿತ್ತು. ಅದರ ಮೇಲೆ ಇಬ್ಬರ ಕಣ್ಣು. ಒಬ್ಬ ಗಂಗಣ್ಣ. ಇನ್ನೊಬ್ಬ, ಮಗ್ಗದವರಿಗೆ ನೂಲು ತೂಗಿ ಕೊಡುವ ಆಂಜಿನಪ್ಪ.

ಯಜಮಾನರು ನ್ಯಾಯವಂತರು. ಬೆಂಗಳೂರಿನಿಂದ ನಿವೃತ್ತ ಹೆಡ್‌ಮಾಸ್ತರೊಬ್ಬರನ್ನು ಕರೆಸಿ ಇಬ್ಬರಿಗೂ ಇಂಗ್ಲಿಷ್ ಪರೀಕ್ಷೆ ಇಡಿಸಿದರು. ಮಾತಿನ ಪರೀಕ್ಷೆ ಹಿಂದಿನ ತಿಂಗಳೇ ಮುಗಿದಿತ್ತು. ಈ ಊರಿನ ಹವೆ ಹೇಗಿದೆ ಎಂದು ಮೇಷ್ಟ್ರು ಇಂಗ್ಲಿಷಿನಲ್ಲಿ ಕೇಳಿದ್ದಕ್ಕೆ ಗಂಗಣ್ಣ "ವೆರಿ ಗುಡ್ ಸಾರ್" ಎಂದಿದ್ದ. ಆಂಜಿನಪ್ಪ ತನ್ನ ತಂದೆಯ ಹೆಸರು ಹೇಳಿದ್ದ. ಆದರೂ ಯಜಮಾನರು, "ಕಾಗದ ಬರೆಯೋಕೆ ಬಾಯಿ ಯಾಕೆ? ಕೈ ನೋಡೋಣ" ಎಂದು ಇಬ್ಬರನ್ನೂ ಉಳಿಸಿಕೊಂಡಿದ್ದರು. ಬರವಣಿಗೆಯ ಪರೀಕ್ಷೆ ಭಾನುವಾರ ಬೆಳಿಗ್ಗೆ.

ಗಂಗಣ್ಣನಿಗೆ ಗೆಲುವಿನ ಬಗ್ಗೆ ಕಾಳಿನಷ್ಟೂ ಅನುಮಾನವಿರಲಿಲ್ಲ. ಹೆಂಡತಿ ಭಾಗ್ಯಮ್ಮನಿಗೆ, "ಸೋಮವಾರದಿಂದ ನಂಗೆ ಬುತ್ತಿ ಬೇಡ. ರೈಟರು ಮಧ್ಯಾಹ್ನ ಮನೆಗೆ ಬಂದು ಉಣ್ತಾರೆ" ಎಂದು ಆಗಲೇ ಹೇಳಿದ್ದ.

"ಮೊದ್ಲು ರೈಟರಾಗಿ ಬಾ. ಆಮೇಲೆ ಮುದ್ದೆ ಇಕ್ತೀನಿ" ಎಂದಿದ್ದಳು ಆಕೆ.

ಅವನಿಗೆ ಪಾಠ ಹೇಳುತ್ತಿದ್ದವರು ಪಕ್ಕದ ಮನೆಯ ವೆಂಕಟರಮಣಪ್ಪನವರು. ಅಂಚೆ ಇಲಾಖೆಯಲ್ಲಿ ನಲವತ್ತು ವರ್ಷ ಸವೆಸಿ ಬಂದವರು. ಬೀದಿಯೆಲ್ಲ ಅವರನ್ನು ಪೋಸ್ಟಪ್ಪ ಎಂದೇ ಕರೆಯುತ್ತಿತ್ತು. ಅವರದೊಂದು ಸಿದ್ಧಾಂತವಿತ್ತು.

"ಲೋ ಗಂಗಣ್ಣ, ಸುಮ್ನೆ ಹಾಳೆ ಮೇಲೆ ಗೀಚಿದ್ರೆ ಅದು ಕಾಗದ ಅಲ್ಲ ಕಣೋ. ನಿಜವಾದ ಮನುಷ್ಯನಿಗೆ ಬರೀಬೇಕು, ನಿಜವಾದ ವಿಳಾಸ ಇರ್ಬೇಕು. ಆಗ ಕೈಗೆ ಭಯ ಬರ್ತದೆ, ಭಯ ಬಂದ್ರೆ ಸ್ಪೆಲ್ಲಿಂಗ್ ಬರ್ತದೆ."

ಹೀಗಾಗಿ ಶನಿವಾರ ಬೆಳಿಗ್ಗೆ ಗಂಗಣ್ಣ ಜಗಲಿಯಲ್ಲಿ ಕೂತು ತನ್ನ ಯಜಮಾನರಿಗೇ ರಾಜೀನಾಮೆ ಬರೆದ. ರಾಜೀನಾಮೆಗೆ ಕಾರಣ ಬೇಕಲ್ಲ? ಕಾರಣ ಎಷ್ಟು ಹೆಚ್ಚಿದ್ದರೆ ಅಷ್ಟು ಇಂಗ್ಲಿಷ್ ತೋರಿಸಬಹುದು. ಗೋದಾಮಿನ ಇಲಿಗಳನ್ನು ತಂದ. ಯಜಮಾನರ ಸಿಡುಕನ್ನು ತಂದ. ಜಿಪುಣತನಕ್ಕೆ ನಿಘಂಟು ಹುಡುಕಿ 'ಪಾರ್ಸಿಮೊನಿ' ಎಂಬ ಶಬ್ದವನ್ನು ಕಂಡುಹಿಡಿದು, ಮದುವಣಗಿತ್ತಿಗೆ ಮೂಗುತಿ ಇಟ್ಟ ಹಾಗೆ ನಡುವೆ ಇಟ್ಟ. ಕೆಳಗೆ ದೊಡ್ಡದಾಗಿ ಸಹಿ ಹಾಕಿ ಪೋಸ್ಟಪ್ಪನವರ ಕೈಗೆ ಕೊಟ್ಟು ಸ್ನಾನಕ್ಕೆ ಹೋದ.

ಗಂಗಣ್ಣ ತಲೆ ಒರೆಸಿಕೊಳ್ಳುತ್ತ ಬರುವಾಗ ಪೋಸ್ಟಪ್ಪ ಬೀದಿಯ ತುದಿಯಿಂದ ನಿಧಾನವಾಗಿ ನಡೆದು ಬರುತ್ತಿದ್ದರು.

"ಬಲೇ ಗಂಗಣ್ಣ! ಒಂದೇ ಒಂದು ತಪ್ಪು. ಅದನ್ನೂ ತಿದ್ದಿದೀನಿ."

"ಕಾಗದ ಎಲ್ಲಿ ಪೋಸ್ಟಪ್ನೋರೇ?"

"ಕಾಗದವಾ? ಲಕೋಟೆಗೆ ಹಾಕಿ, ನಾನೇ ವಿಳಾಸ ಬರೆದು, ಸ್ಟಾಂಪು ಅಂಟಿಸಿ..." ಪೋಸ್ಟಪ್ಪನವರ ಮಾತು ನಿಂತಿತು. ಕಾಲೂ ನಿಂತಿತು. "ನನ್ ಮಗನಿಗೊಂದು ಕಾಗದ ಇತ್ತು ಕಣಪ್ಪ. ಅದರ ಜೊತೆ... ಡಬ್ಬಕ್ಕೆ ಹಾಕ್ಬಿಟ್ಟೆ."

ಗಂಗಣ್ಣನ ತಲೆಯಿಂದ ಇಳಿಯುತ್ತಿದ್ದ ನೀರು ತಣ್ಣಗಾಯಿತೋ ಬಿಸಿಯಾಯಿತೋ ಅವನಿಗೇ ತಿಳಿಯಲಿಲ್ಲ.

"ಡಬ್ಬಕ್ಕಾ! ಅದರಲ್ಲಿ ಯಜಮಾನ್ರನ್ನ ಜಿಪುಣ ಅಂದಿದೀನಲ್ಲ!"

"ನಲವತ್ತು ವರ್ಷದ ಅಭ್ಯಾಸ ಕಣೋ. ಸ್ಟಾಂಪು ಅಂಟಿರೋ ಲಕೋಟೆ ಕೈಲಿದ್ರೆ ಕಾಲು ತಾನಾಗೇ ಡಬ್ಬದ ಕಡೆ ಹೋಗ್ತದೆ. ಹೆದರ್ಬೇಡ, ನಾನಿದೀನಿ."

ಅವರಿರುವುದೇ ಹೆದರಿಕೆಗೆ ಕಾರಣವೆಂದು ಹೇಳಲು ಗಂಗಣ್ಣನಿಗೆ ಪುರಸೊತ್ತಿರಲಿಲ್ಲ. ಒದ್ದೆ ಪಂಚೆಯಲ್ಲೇ ಓಡಿದ. ಡಬ್ಬ ಆಗಲೇ ಖಾಲಿ. ಅಲ್ಲಿಂದ ಅಂಚೆ ಕಚೇರಿಗೆ ಓಡಿದ. ಕಿಟಕಿಯ ಆಚೆ ಕುಳಿತವರು ತಲೆ ಎತ್ತದೆ ಹೇಳಿದರು: ಡಬ್ಬಕ್ಕೆ ಬಿದ್ದ ಕಾಗದ ಸರ್ಕಾರದ ವಶ. ವಾಪಸ್ಸು ಬೇಕಾದರೆ ಇಂಗ್ಲಿಷಿನಲ್ಲಿ ಅರ್ಜಿ ಕೊಡಬೇಕು, ಲಕೋಟೆಯ ಮೇಲಿನ ಅಕ್ಷರ ಯಾರದೋ ಅವರೇ ಬಂದು ಸಹಿ ಹಾಕಬೇಕು.

"ನೋಡ್ದಾ, ನಾನು ಬಂದಿದ್ದು ಒಳ್ಳೇದೇ ಆಯ್ತು" ಎಂದು ಹಿಂದೆಯೇ ಏದುಸಿರು ಬಿಡುತ್ತ ಬಂದ ಪೋಸ್ಟಪ್ಪ ಬೆಂಚಿನ ಮೇಲೆ ಕುಳಿತರು. ಗಂಗಣ್ಣ ನಿಂತಲ್ಲೇ ಅರ್ಜಿ ಬರೆದ. ಪೋಸ್ಟಪ್ಪ ಓದಿ ತಲೆ ಅಲ್ಲಾಡಿಸಿದರು.

"ಎರಡನೇ ಸಾಲಿನಲ್ಲಿ ವಿನಯ ಸಾಲ್ದು. ಬೇರೆ ಬರಿ."

ಬೇರೆ ಬರೆದ.

"ಈಗ ವಿನಯ ಜಾಸ್ತಿ ಆಯ್ತು. ಕಾಗದ ವಾಪಸ್ ಕೇಳ್ತಿದೀಯೋ, ಕಾಲಿಗೆ ಬೀಳ್ತಿದೀಯೋ? ಇನ್ನೊಂದ್ ಹಾಳೆ ತಗೋ."

"ಪೋಸ್ಟಪ್ನೋರೇ, ನಿಮ್ ದಮ್ಮಯ್ಯ, ಸಹಿ ಹಾಕಿ!"

"ತಪ್ಪಿರೋ ಅರ್ಜಿಗೆ ನಾನು ಈ ಜನ್ಮದಲ್ಲಿ ಸಹಿ ಹಾಕಿಲ್ಲ" ಎಂದರು ಪೋಸ್ಟಪ್ಪ.

ಮೂರನೆಯ ಅರ್ಜಿ ಮುತ್ತಿನಂತೆ ಬಂತು. ಪೋಸ್ಟಪ್ಪನ ಸಹಿಯೂ ಬಿತ್ತು. ಕಿಟಕಿಯವರು ಅದನ್ನು ಮೆಚ್ಚಿ ಓದಿ, ಒಳಗೆ ಹೋಗಿ ನೋಡಿ ಬಂದು, "ಅರ್ಜಿ ಚೆನ್ನಾಗಿದೆ. ಆದ್ರೆ ಬಟವಾಡೆ ಕಾಗದ ಎಲ್ಲ ಮುನಿಸ್ವಾಮಿ ಈಗ ತಾನೇ ತಗೊಂಡು ಹೋದ" ಎಂದರು.

ಗಂಗಣ್ಣ ಮಗ್ಗದ ಬೀದಿಗಳಲ್ಲಿ ಲಾಳಿಯ ಹಾಗೆ ಅತ್ತಿಂದಿತ್ತ ಓಡಾಡಿ, ಕೊನೆಗೆ ಒಂದು ಮನೆಯ ಕಟ್ಟೆಯಲ್ಲಿ ಮಜ್ಜಿಗೆ ಕುಡಿಯುತ್ತಿದ್ದ ಪೋಸ್ಟ್‌ಮ್ಯಾನ್ ಮುನಿಸ್ವಾಮಿಯನ್ನು ಹಿಡಿದ.

"ಮುನಿಸ್ವಾಮಿ, ನಮ್ಮ ಯಜಮಾನ್ರ ಕಾಗದ ನನ್ ಕೈಗೆ ಕೊಡು ಗುರು. ಅಂಗ್ಡಿಗೇ ಹೋಗ್ತಿದೀನಿ, ಕೊಟ್ಬಿಡ್ತೀನಿ."

ಮುನಿಸ್ವಾಮಿ ಲೋಟ ಕೆಳಗಿಟ್ಟು ಅವನ ಒದ್ದೆ ಪಂಚೆಯಿಂದ ಕೆದರಿದ ತಲೆಯವರೆಗೆ ನೋಡಿದ.

"ಇಷ್ಟು ವರ್ಷದಲ್ಲಿ ಯಾವತ್ತೂ ಇಲ್ದೇ ಇರೋ ಉಪಕಾರ ಇವತ್ತು ಯಾಕಪ್ಪಾ? ಏನೋ ಭಾರಿ ಕಾಗದವೇ ಇರ್ಬೇಕು. ಇದನ್ನ ಖುದ್ದಾಗಿ ಯಜಮಾನ್ರ ಕೈಗೇ ಕೊಡ್ತೀನಿ, ಅದೂ ಈಗ ಮೊದ್ಲು ಅವರ ಅಂಗ್ಡಿಗೇ."

ಗಂಗಣ್ಣ ಮನೆಗೆ ಹೋಗಿ ಬಟ್ಟೆ ಬದಲಿಸಿ ಅಂಗಡಿ ಮುಟ್ಟುವ ಹೊತ್ತಿಗೆ ಲಕೋಟೆ ಒಡೆದಾಗಿತ್ತು. ಹನುಮಂತರಾಯಪ್ಪನವರು ದಿಂಬಿಗೆ ಒರಗಿ ಕಾಗದವನ್ನು ಬೆಳಕಿಗೆ ಹಿಡಿದು ನೇಯ್ಗೆ ಪರೀಕ್ಷಿಸುವವರಂತೆ ನೋಡುತ್ತಿದ್ದರು. ಆಂಜಿನಪ್ಪ ಅವರ ಹೆಗಲ ಮೇಲಿಂದ ಇಣುಕುತ್ತಿದ್ದ.

"ಬಾಪ್ಪ ಗಂಗಣ್ಣ. ಎಲ್ಲಿ ಹಾಳಾಗ್ ಹೋಗಿದ್ದೆ? ಇದೇನ್ ಬಂದದೆ ಓದು."

ಒಂದು ಗಳಿಗೆ ಗಂಗಣ್ಣ ಕಾಗದ ಹಿಡಿದು ತನ್ನದೇ ದೊಡ್ಡ ಸಹಿಯನ್ನು ನೋಡಿದ. ಮರುಗಳಿಗೆಯಲ್ಲೇ ಅವನ ಹುಟ್ಟು ಧೈರ್ಯ ಎದ್ದು ನಿಂತಿತು. ಈ ಅಂಗಡಿಯಲ್ಲಿ ಇಂಗ್ಲಿಷ್ ಓದುವವನು ತಾನೊಬ್ಬನೇ. ಕಾಗದದಲ್ಲಿ ಏನಿದೆಯೆಂದು ತಾನು ಹೇಳುತ್ತೇನೋ ಅದೇ ಇದೆ. ಗಂಟಲು ಸರಿಮಾಡಿಕೊಂಡು ಓದತೊಡಗಿದ.

"ಮಾನ್ಯರೇ, ತಮ್ಮ ಅಂಗಡಿಯ ಸೀರೆಗಳ ಕೀರ್ತಿ ನಮ್ಮ ಪುಣೆಯವರೆಗೂ ಬಂದದೆ. ನಮಗೆ ಇನ್ನೂರು ಸೀರೆ ತುರ್ತಾಗಿ ಬೇಕಾಗಿದೆ..."

"ಇನ್ನೂರಾ!" ಯಜಮಾನರು ದಿಂಬು ಬಿಟ್ಟು ನೆಟ್ಟಗೆ ಕೂತರು.

"ಇಲ್ಲಿ ಕೆಳಗಡೆ ಗಂಗಣ್ಣ ಅಂತ ಇದ್ದಂಗದೆಯಲ್ಲ?" ಎಂದ ಆಂಜಿನಪ್ಪ. ಅವನಿಗೆ ಬರುತ್ತಿದ್ದ ಇಂಗ್ಲಿಷ್ ಅಕ್ಷರಗಳು ಹತ್ತೋ ಹನ್ನೆರಡೋ. ಹಾಳಾದ್ದು, ಗಂಗಣ್ಣನ ಹೆಸರಿಗೆ ಬೇಕಾದವು ಅದರಲ್ಲಿದ್ದವು.

"ಗಂಗಾಧರ್ ಅಂಡ್ ಸನ್ಸ್ ಕಣಯ್ಯ, ಪುಣೆಯ ದೊಡ್ಡ ಸಾಹುಕಾರ್ರು. ಗೊತ್ತಿಲ್ದಿದ್ರೆ ಸುಮ್ನಿರು" ಎಂದು ಗಂಗಣ್ಣ ಗದರಿದ. ಆಂಜಿನಪ್ಪ ಸುಮ್ಮನಾದ.

ಯಜಮಾನರು ಸುಮ್ಮನಾಗಲಿಲ್ಲ. ಹದಿನೆಂಟು ಮಗ್ಗದ ಮನೆಗಳಿಗೆ ಆಗಿಂದಾಗಲೇ ಹೇಳಿ ಕಳಿಸಿದರು: ಬೇರೆ ಕೆಲಸ ನಿಲ್ಲಿಸಿ, ನಮ್ಮ ಇನ್ನೂರು ಸೀರೆಗೆ ಮಗ್ಗದ ಮೇಲೆ ಹಾಸಿನ ನೂಲು ಹೂಡಿ. ಸಕ್ಕರೆ ಸಿಗದ ಕಾಲವಾದ್ದರಿಂದ ಬೆಲ್ಲದ ಕಡಲೆಮಿಠಾಯಿ ತರಿಸಿ ಬಂದವರಿಗೆಲ್ಲ ಹಂಚಿದರು. ಗಂಗಣ್ಣನ ಕೈಗೂ ಒಂದು ಬಂತು. ಅವನು ಅದನ್ನು ಅಗಿಯುತ್ತ ಲೆಕ್ಕ ಹಾಕಿದ: ನಾಳೆ ಪರೀಕ್ಷೆ ಗೆದ್ದು ಕುರ್ಚಿ ಹತ್ತಿದರೆ, ನಾಡಿದ್ದು ಗಂಗಾಧರ್ ಅಂಡ್ ಸನ್ಸ್ ದಿವಾಳಿ ಎದ್ದರು ಎಂದು ಇನ್ನೊಂದು ಕಾಗದ ಬರಿಸಿದರಾಯಿತು. ಅಷ್ಟು ಇಂಗ್ಲಿಷ್ ತನ್ನಲ್ಲಿದೆ.

ನಾಲ್ಕು ಗಂಟೆಗೆ, ಪೆಟ್ರೋಲು ಸಿಗದೆ ಇದ್ದಿಲಿನಲ್ಲಿ ಓಡುತ್ತಿದ್ದ ಬೆಂಗಳೂರಿನ ಬಸ್ಸು ಕೆಮ್ಮುತ್ತ ಬಂದು ನಿಂತಿತು. ಮುಖದ ಮೇಲೆ ಅರ್ಧ ಸೇರು ಮಸಿ ಹೊತ್ತು ಹೆಡ್‌ಮಾಸ್ತರು ಇಳಿದರು. ನಾಳೆಯ ಪರೀಕ್ಷೆಗೆ ಹಿಂದಿನ ದಿನವೇ ಬಂದು ಯಜಮಾನರ ಮನೆಯಲ್ಲಿ ಉಳಿಯುವುದೆಂದು ಗೊತ್ತಾಗಿತ್ತಂತೆ. ಗಂಗಣ್ಣನಿಗೆ ಮಾತ್ರ ಗೊತ್ತಿರಲಿಲ್ಲ.

ಮುಖ ತೊಳೆದು ಕಾಫಿ ಮುಗಿಸುವ ತನಕವೂ ಯಜಮಾನರಿಗೆ ತಾಳ್ಮೆಯಿಲ್ಲ. "ಮೇಷ್ಟ್ರೇ, ಇದೊಂದ್ ಚೂರು ನೋಡಿ. ಪುಣೆಯಿಂದ ಬಂದದೆ" ಎಂದು ಕಾಗದವನ್ನು ಮುಂದೆ ಹಿಡಿದರು.

ಮೇಷ್ಟ್ರು ಕನ್ನಡಕ ಏರಿಸಿದರು. ಗಂಗಣ್ಣ ಬಾಗಿಲ ಕಡೆ ಎರಡು ಹೆಜ್ಜೆ ಸರಿದ. ಅಲ್ಲಿ ಆಂಜಿನಪ್ಪ ನಿಂತಿದ್ದ.

ಮೂವತ್ತೈದು ವರ್ಷ ಮಕ್ಕಳ ಕಾಪಿ ತಿದ್ದಿದ ಮೇಷ್ಟ್ರು ಒಂದು ಕಾಗದದಲ್ಲಿ ಮೊದಲು ನೋಡುವುದು ವ್ಯಾಕರಣ, ವಿಷಯ ಆಮೇಲೆ. ಒಂದೊಂದು ಸಾಲಿಗೂ ಅವರ ಮುಖ ಅರಳುತ್ತ ಹೋಯಿತು.

"ಭೇಷ್! ಎಂಥ ವಾಕ್ಯ ರೀ ಇದು! ಪಾರ್ಸಿಮೊನಿ! ಬಿ.ಎ. ಹುಡುಗರಿಗೂ ಈ ಶಬ್ದ ಬರೋದಿಲ್ಲ."

ಯಜಮಾನರು ಹಿಗ್ಗಿದರು. "ಪಾರ್ಸಿಮೊನಿ ಅನ್ನೋದು ಯಾವ ಬಾರ್ಡರ್ ಮೇಷ್ಟ್ರೇ? ನಮ್ಮ ಕಡೆ ನೇಯ್ತಾರಾ?"

"ಬಾರ್ಡರ್ ಅಲ್ಲ ಸ್ವಾಮಿ, ಜಿಪುಣತನ. ನಿಮ್ಮ ಜಿಪುಣತನ, ನಿಮ್ಮ ಸಿಡುಕು, ನಿಮ್ಮ ಗೋದಾಮಿನ ಇಲಿಗಳು, ಇವನ್ನೆಲ್ಲ ಇನ್ನು ಸಹಿಸೋಕೆ ಆಗೋದಿಲ್ಲ ಅಂತ ನಿಮ್ಮ ಗಂಗಣ್ಣನವರು ಕೆಲಸ ಬಿಟ್ಟಿದಾರೆ. ಬಹಳ ಸೊಗಸಾಗಿ ಬಿಟ್ಟಿದಾರೆ."

ಅಂಗಡಿಯಲ್ಲಿ ಯಾರೂ ಕಡಲೆಮಿಠಾಯಿ ಅಗಿಯಲಿಲ್ಲ.

ಗಂಗಣ್ಣ ಎಲ್ಲವನ್ನೂ ಹೇಳಿದ. ಅಭ್ಯಾಸದ ಕಾಗದ, ಪೋಸ್ಟಪ್ಪನ ಕಾಲು, ಮೂರು ಅರ್ಜಿ, ಮುನಿಸ್ವಾಮಿ, ಒಂದನ್ನೂ ಬಿಡಲಿಲ್ಲ. ಅಂಚೆ ಕಚೇರಿಯ ಕಿಟಕಿಯಿಂದ ವಾಪಸ್ಸು ಬಂದ ಮುತ್ತಿನಂಥ ಅರ್ಜಿಯನ್ನೂ ಜೇಬಿನಿಂದ ತೆಗೆದು ತೋರಿಸಿದ. ಮೇಷ್ಟ್ರು ಅದನ್ನೂ ಓದಿ ತೊಡೆ ತಟ್ಟಿದರು.

"ಹನುಮಂತರಾಯಪ್ಪನವರೇ, ನಾಳೆ ಈತನಿಗೆ ಪರೀಕ್ಷೆಯೇ ಬೇಡ. ಈಗಲೇ ಪಾಸು."

ಯಜಮಾನರು ಗಂಗಣ್ಣನನ್ನು ನೋಡಿದರು. ಅವರ ಹೊಟ್ಟೆ ಸಣ್ಣಗೆ ಕುಲುಕಿತು. ಆಮೇಲೆ ಜೋರಾಗಿ ಕುಲುಕಿತು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಅಲ್ವೋ, ನಾನು ಜಿಪುಣ ಅನ್ನೋದು ಈ ಊರಿನ ಕೋಳಿಗೂ ಗೊತ್ತು. ಅದನ್ನ ಹೇಳೋಕೆ ಇಷ್ಟು ಇಂಗ್ಲಿಷ್ ಬೇಕಿತ್ತೇನೋ? ಹೋಗ್ಲಿ ಬಿಡು. ಕೆಲಸ ಬಿಟ್ಟಿಲ್ಲ ತಾನೇ?"

"ಇಲ್ಲ ಯಜಮಾನ್ರೇ!" ಗಂಗಣ್ಣನಿಗೆ ಹೋದ ಪ್ರಾಣ ಬಡ್ಡಿ ಸಮೇತ ಬಂತು. ಖಾಲಿ ಕುರ್ಚಿಯ ಕಡೆ ನೋಡಿದ. ಇನ್ನೇನು ಹೋಗಿ ಕೂರಬೇಕು.

"ಹಂಗಾದ್ರೆ ಗೋದಾಮಿಗೆ ಹೋಗು" ಎಂದರು ಯಜಮಾನರು. "ರೈಟರ್ ಕುರ್ಚಿ ಆಂಜಿನಪ್ಪಂಗೆ."

ಮೇಷ್ಟ್ರು ಬೆಚ್ಚಿದರು. "ಏನ್ ಸ್ವಾಮಿ ಇದು? ಆತನಿಗೆ ಇಂಗ್ಲಿಷೇ ಬರೋದಿಲ್ಲವಲ್ಲ!"

"ಅದಕ್ಕೇ ಮೇಷ್ಟ್ರೇ. ಇವನು ನನ್ನೆದುರಿಗೆ ನಿಂತ್ಕೊಂಡು, ಇಲ್ದೇ ಇರೋ ಪುಣೆ ಸಾಹುಕಾರ್ರನ್ನ ಹುಟ್ಟಿಸಿ, ಇನ್ನೂರು ಸೀರೆ ಓದ್ಬಿಟ್ಟ. ಒಂದ್ ಸಲನಾದ್ರೂ ತೊದಲಿದ್ನಾ? ಇಲ್ಲ. ಇಂಥೋನ ಕೈಗೆ ನನ್ ಕಾಗದ ಕೊಟ್ರೆ, ನನ್ ಅಂಗ್ಡೀಲಿ ಏನ್ ನಡೀತದೆ ಅಂತ ನಂಗೆ ಯಾವತ್ತಿಗೂ ಗೊತ್ತಾಗಲ್ಲ. ಆಂಜಿನಪ್ಪ ಸುಳ್ಳು ಓದಾನು ಅಂದ್ರೆ, ಮೊದ್ಲು ಅವನಿಗೆ ಓದೋಕೆ ಬರ್ಬೇಕಲ್ಲ?"

ಮೇಷ್ಟ್ರು ಕನ್ನಡಕ ಕಳಚಿ ಮಡಿಸಿದರು.

"ಇನ್ನು ಆ ಹದಿನೆಂಟು ಮಗ್ಗದ ಮನೆಗೂ ನೀನೇ ಹೋಗಿ ಹಾಸು ಇಳಿಸಿ ಅಂತ ಹೇಳ್ಬಿಟ್ಟು ಬಾ" ಎಂದರು ಯಜಮಾನರು.

ಆದರೆ ಮೇಷ್ಟ್ರು ಕರ್ತವ್ಯನಿಷ್ಠರು. ಬಸ್ಸಿನ ಮಸಿ ಕುಡಿದು ಬಂದದ್ದಕ್ಕೆ ಒಂದಾದರೂ ಪರೀಕ್ಷೆ ನಡೆಸದೆ ಹೋಗುವುದು ಅವರ ಮನಸ್ಸಿಗೆ ಒಪ್ಪಲಿಲ್ಲ. ಅಲ್ಲದೆ ನೇಮಕವೆಂದ ಮೇಲೆ ಇಂಗ್ಲಿಷಿನಲ್ಲಿ ಒಂದು ಹುಕುಂ ಇರಬೇಕು. ಅದನ್ನೇ ಆಗಿಂದಾಗಲೇ ಇಬ್ಬರಿಗೂ ಪ್ರಶ್ನೆಯಾಗಿ ಕೊಟ್ಟರು: ಆಂಜಿನಪ್ಪನನ್ನು ರೈಟರನ್ನಾಗಿ ನೇಮಿಸುವ ಆಜ್ಞಾಪತ್ರ ಬರೆಯಿರಿ. ಆಂಜಿನಪ್ಪ ಪೆನ್ನು ಹಿಡಿದು ಸೂರು ನೋಡುತ್ತ ಕೂತ. ಗಂಗಣ್ಣ ಬರೆದ. ಸೇಡಿಗೋ, ಸ್ವಭಾವಕ್ಕೋ, ಒಳ್ಳೆಯ ಗತ್ತಿನಿಂದಲೇ ಬರೆದ. ಮೇಷ್ಟ್ರು ಎರಡು ಸಲ ಓದಿದರು, ಒಂದು ತಪ್ಪೂ ಸಿಗಲಿಲ್ಲ. ಹತ್ತಕ್ಕೆ ಹತ್ತು ಹಾಕಿ ಯಜಮಾನರ ರುಜು ಮಾಡಿಸಿ ಹೊಸ ರೈಟರ ಕೈಗೆ ಕೊಟ್ಟರು.

ಆಂಜಿನಪ್ಪ ಅದನ್ನು ಕಣ್ಣಿಗೊತ್ತಿಕೊಂಡು ಕುರ್ಚಿಯಲ್ಲಿ ಕೂತ. ಕಾಗದವನ್ನು ಒಮ್ಮೆ ನೆಟ್ಟಗೆ, ಒಮ್ಮೆ ತಲೆಕೆಳಗೆ ಹಿಡಿದು ನೋಡಿದ. ಆಮೇಲೆ ಮಗ್ಗದ ಮನೆಗಳ ಕಡೆ ಹೊರಟಿದ್ದ ಗಂಗಣ್ಣನನ್ನು ಮೆಲ್ಲಗೆ ಕರೆದ.

"ಲೇ ಗಂಗಣ್ಣ, ಇದರಲ್ಲಿ ಏನ್ ಬರ್ದದೆ ಅಂತ ಒಸಿ ಓದ್ ಹೇಳೋ. ಇರೋದನ್ನೇ ಹೇಳು."