ಮೇಕೆ ಬಿದ್ದರೆ ನೀರಿಲ್ಲ

ನಗರ ನೀರು ಸರಬರಾಜು ಕಚೇರಿಯ ಪಂಪು ಕೊಠಡಿಯಲ್ಲಿ, ಕೆಲಸದ ವೇಳೆಯಲ್ಲಿ ವಿಡಿಯೋ ಗೇಮ್ ಆಡದೆ ಸುಮ್ಮನೆ ಕೂರುವುದು ಶಿಸ್ತುಕ್ರಮಕ್ಕೆ ಒಳಪಡುವ ಅಪರಾಧವಾಗಿರುತ್ತದೆ. ಈ ನಿಯಮವನ್ನು ಯಾರೋ ತಲೆಕೆಟ್ಟವರು ಮಾಡಿದ್ದಲ್ಲ. ಎಲ್ಲ ಹಂತಗಳಲ್ಲೂ ಕೂಲಂಕಷವಾಗಿ ಪರಿಶೀಲಿಸಿ, ಸಹಿ ಹಾಕಿ, ಮೊಹರು ಒತ್ತಿ ಮಾಡಿದ್ದು. ಹಿನ್ನೆಲೆ ಗೊತ್ತಿಲ್ಲದವರು ನಗಬಹುದು, ನಗಲಿ. ಅವರ ಮನೆಗೆ ಬೇರೆ ಪಂಪಿನಿಂದ ನೀರು ಬರುತ್ತಿರಬೇಕು.

ಆ ಕಚೇರಿಯಲ್ಲಿ ಒಬ್ಬ ಕಂಪ್ಯೂಟರ್ ರಿಪೇರಿಯವನಿದ್ದ. ಹಂಗಾಮಿ ನೌಕರ. ಪಂಪು ನಡೆಸುವ ಕಂಪ್ಯೂಟರಿನ ಒಳಗಿದ್ದದ್ದು ಓಪನ್ ಸೋರ್ಸ್ ಆಪರೇಟಿಂಗ್ ಸಿಸ್ಟಂ. ಅಂದರೆ ಲೋಕದ ಮೂಲೆಮೂಲೆಯ ಜನ ಸಂಬಳವಿಲ್ಲದೆ ಕೂಡಿ ಕಟ್ಟಿದ್ದು. ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಪ್ಪು ಕಂಡರೆ ತಿದ್ದಿ ಕಳಿಸಬಹುದು. ಬಿಟ್ಟಿ ಸಿಗುತ್ತದೆಂದು ಕಚೇರಿಯವರು ಅದನ್ನು ತಂದು ಹಾಕಿದ್ದರು, ಬಿಟ್ಟಿಯದಾದ್ದರಿಂದ ನಂಬುತ್ತಿರಲಿಲ್ಲ. ಹಾಗೆ ತಿದ್ದಿ ಕಳಿಸುವವರಲ್ಲಿ ನಮ್ಮ ರಿಪೇರಿಯವನೂ ಒಬ್ಬ. ಸಂಜೆಯಾದರೆ ಮನೆಯಲ್ಲಿ ಅದರ ಮುಂದೆ ಕೂತುಬಿಡುತ್ತಿದ್ದ. ಅವನಿಗೆ ಅದೊಂದು ಹುಚ್ಚು, ಪ್ರೀತಿಯ ಹುಚ್ಚು.

"ಮುಖ ನೋಡದವರಿಗೆಲ್ಲ ಇಷ್ಟು ದುಡೀತೀರಲ್ಲ ರೀ, ನನ್ನ ನಲ್ಲಿಗೆ ನೀರು ನಿಲ್ಲದೆ ಬರೋ ಹಾಗೆ ಮಾಡಿಕೊಡಿ ನೋಡೋಣ," ಎನ್ನುತ್ತಿದ್ದಳು ಹೆಂಡತಿ. ಅವಳದು ಬಟ್ಟೆ ಒಗೆದುಕೊಡುವ ಅಂಗಡಿ. ಪಂಪು ಕೊಠಡಿಯ ಎದುರಿಗೇ, ಮನೆಯ ಕೆಳಗೇ. ಆಸ್ಪತ್ರೆಯ ಹಾಸಿಗೆ ಬಟ್ಟೆಗಳೆಲ್ಲ ಅವಳ ಹತ್ತಿರವೇ ಬರುತ್ತಿದ್ದವು. ಸೋಪು ಹಾಕಿ ತಿಕ್ಕಿ, ಇನ್ನೇನು ಜಾಲಿಸಬೇಕು ಎನ್ನುವಾಗ ನಲ್ಲಿ ಗೊರಗೊರ ಎಂದು ನಿಂತುಬಿಡುತ್ತಿತ್ತು. ಬಟ್ಟೆ ತಡವಾದರೆ ಬೇರೆಯವರಿಗೆ ಕೊಡುತ್ತೇವೆಂದು ಆಸ್ಪತ್ರೆಯವರು ಆಗಲೇ ಹೇಳಿ ಕಳಿಸಿದ್ದರು.

ನೀರು ಯಾಕೆ ನಿಲ್ಲುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದದ್ದು ಪಂಪಿನವನ ಕಳ್ಳತನದಿಂದ.

ಈ ಪಂಪಿನವನು ಒಂದು ದಿನ ಬೆಳಗಿನಿಂದ ಕದ್ದು ಗೇಮ್ ಆಡುತ್ತಿದ್ದ. ಒಂದು ಮೇಕೆ ಬಂಡೆಯಿಂದ ಬಂಡೆಗೆ ಹಾರುತ್ತಾ ಬೆಟ್ಟ ಹತ್ತುವ ಆಟ. ಇಂಜಿನಿಯರ್ ಸಾಹೇಬರು ಹಿಂದಿನಿಂದ ಬಂದು ನಿಂತರು.

"ಏನಯ್ಯಾ ಇದು?"

"ಮೇಕೆ ಸಾರ್."

"ನಿಲ್ಲಿಸು!"

ನಿಲ್ಲಿಸಿ ಕೈಕಟ್ಟಿ ನಿಂತ. ಸಾಹೇಬರು ಬೈಗುಳ ಮುಗಿಸುವ ಹೊತ್ತಿಗೆ ಪಂಪು ನಿಂತಿತು. ಅವರ ಫೋನು ಹೊಡೆದುಕೊಂಡಿತು. ಆ ಕಡೆ ಅವರ ಮನೆಯವರು, ಮುಖದ ತುಂಬ ಸೋಪು. ಸಾಹೇಬರು ಫೋನನ್ನು ಕಿವಿಯಿಂದ ದೂರ ಹಿಡಿದು, "ಆಡು, ಆಡು," ಎಂದರು. ಆಡಿದ. ನೀರು ಬಂತು.

ರಿಪೇರಿಯವನನ್ನು ಕರೆಸಿದರು. ಅವನು ನೋಡಿ ಹೇಳಿದ. "ಯಾರೂ ಏನೂ ಮುಟ್ಟದಿದ್ದರೆ ಎದುರಿಗೆ ಯಾರೂ ಇಲ್ಲ ಅಂದುಕೊಂಡು ಕಂಪ್ಯೂಟರ್ ನಿದ್ದೆ ಹೋಗುತ್ತೆ ಸಾರ್, ಜೊತೆಗೆ ಪಂಪೂ. ಸದ್ಯಕ್ಕೆ ಆಗಾಗ ಮೌಸ್ ಅಲ್ಲಾಡಿಸಿದರೂ ಸಾಕು."

"ಮೌಸ್ ಅಲ್ಲಾಡಿಸೋದಕ್ಕೆ ಹುದ್ದೆ ಹೇಗೆ ಮಂಜೂರು ಮಾಡಿಸೋದಯ್ಯಾ? ಮೇಲಿನವರು ನಗ್ತಾರೆ. ಆಟ ಅಂದ್ರೆ ಒಂದು ಕೌಶಲ ಇದೆ."

ಕೌಶಲವನ್ನು ಮೇಲಿನವರು ಒಪ್ಪಿದರು. ಕಿರಿಯ ಆಟಗಾರ, ಹಿರಿಯ ಆಟಗಾರ, ಆಟದ ಮೇಲ್ವಿಚಾರಕ ಎಂಬ ಹುದ್ದೆಗಳು ಸೃಷ್ಟಿಯಾದವು. ಗೋಡೆಗೆ ಸುತ್ತೋಲೆ ಅಂಟಿಸಿದರು. "ಸಿಬ್ಬಂದಿಯು ಕರ್ತವ್ಯದ ವೇಳೆಯಲ್ಲಿ ಮೇಕೆಯನ್ನು ಸದಾ ಚಲನೆಯಲ್ಲಿ ಇಡತಕ್ಕದ್ದು. ಮೇಕೆಯ ಪತನವನ್ನು ಕೂಡಲೇ ಮೇಲ್ವಿಚಾರಕರಿಗೆ ಲಿಖಿತವಾಗಿ ವರದಿ ಮಾಡತಕ್ಕದ್ದು. ಅನುಮತಿ ದೊರೆಯುವವರೆಗೆ ಹೊಸ ಮೇಕೆಯನ್ನು ಆರಂಭಿಸತಕ್ಕದ್ದಲ್ಲ." ಹೀಗಾಗಿ ಮೇಕೆ ಬಿದ್ದಾಗಲೆಲ್ಲ ವರದಿ ಹೋಗಿ, ಅನುಮತಿ ಬರುವ ತನಕ ಊರಿಗೆ ನೀರಿರುತ್ತಿರಲಿಲ್ಲ. ಇದು ಮೊದಲಿಗಿಂತ ಎಷ್ಟೋ ವ್ಯವಸ್ಥಿತವಾಗಿದೆ ಎಂದು ಎಲ್ಲರೂ ಹೇಳಿದರು.

ಜನರೂ ಹೊಂದಿಕೊಂಡರು. ಕೊಡ ಹಿಡಿದು ಪಂಪು ಕೊಠಡಿಯ ಕಿಟಕಿಗೆ ಬಂದು ಆತುಕೊಂಡು, "ಎಡಕ್ಕೆ ಹಾರೋ! ಅಯ್ಯೋ, ಆ ಬಂಡೆ ಅಲ್ಲಾಡುತ್ತೆ ಕಣೋ!" ಎಂದು ಕೂಗುತ್ತಿದ್ದರು. ರಿಪೇರಿಯವನಿಗೆ ಇದನ್ನು ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು. ಓದು ಬರಹ ಬಲ್ಲವರು, ಮಕ್ಕಳೊಂದಿಗರು, ಮೇಕೆಗೆ ಬುದ್ಧಿ ಹೇಳುತ್ತಿದ್ದಾರಲ್ಲ ಎಂದು ಹೆಂಡತಿಯ ಹತ್ತಿರ ಗೊಣಗುತ್ತಿದ್ದ.

ಕಿರಿಯ ಆಟಗಾರನ ಹುದ್ದೆಗೆ ಆಯ್ಕೆಯಾದವನು ಬೇರೆ ಯಾರೂ ಅಲ್ಲ, ಹೆಂಡತಿಯ ತಮ್ಮ. ಹುಟ್ಟಿದಾಗಿನಿಂದ ಗೇಮ್ ಬಿಟ್ಟರೆ ಬೇರೇನೂ ಮುಟ್ಟದವನು. ದಂಡಪಿಂಡ ಎಂದು ಬೈಸಿಕೊಂಡೇ ಮೀಸೆ ಬಂದಿತ್ತು. ಈಗ ಅವನ ಕೈಯಲ್ಲಿ ಊರಿನ ಅರ್ಧ ದಿನದ ನೀರು. ಹೆಣ್ಣೂ ಗೊತ್ತಾಯಿತು. ಹೆಣ್ಣಿನ ತಂದೆ ಪಂಪು ಕೊಠಡಿಗೆ ಬಂದು, ಹುಡುಗ ಮೇಕೆ ಹತ್ತಿಸುವುದನ್ನು ಕಣ್ಣಾರೆ ನೋಡಿ, "ಕೈ ನಡುಗೋದಿಲ್ಲ. ಒಳ್ಳೆಯ ಹುಡುಗ. ಕೆಲಸ ಖಾಯಂ ಆದ ಮಾರನೇ ದಿನವೇ ಮದುವೆ," ಎಂದು ಹೇಳಿ ಹೋದರು.

ಇತ್ತ ರಿಪೇರಿಯವನು ತಪ್ಪನ್ನು ಹುಡುಕುತ್ತಲೇ ಇದ್ದ. ಕೊನೆಗೆ ಸಿಕ್ಕಿತು. ಯಾರೂ ಮುಟ್ಟದಿದ್ದರೆ ಮಲಗು ಎಂದು ಬರೆದವರಿಗೆ ಪಂಪಿನ ನೆನಪಾಗಿರಲಿಲ್ಲ, ಅಷ್ಟೇ. ಹೊರಗೊಂದು ಯಂತ್ರ ನಡೆಯುತ್ತಿದ್ದರೆ ಮಲಗಬೇಡ ಎಂದು ಒಂದೇ ಒಂದು ಸಾಲು ಸೇರಿಸಿದ. ಲೋಕದ ಗೆಳೆಯರಿಗೆ ಕಳಿಸಿದ. ಅವರು ಎಳೆದಾಡಿ, ಪರೀಕ್ಷಿಸಿ, ಭೇಷ್ ಎಂದು ಸೇರಿಸಿಕೊಂಡರು. ಅಂದು ಅವನು ನೆಲದ ಮೇಲೆ ನಡೆಯಲಿಲ್ಲ. ಕುಣಿಯುತ್ತಲೇ ಸಾಹೇಬರ ಕೋಣೆಗೆ ಹೋದ.

"ಸಾರ್, ಇನ್ನು ಯಾರೂ ಆಡಬೇಕಾಗಿಲ್ಲ. ನೀರು ತಾನಾಗಿ ಬರುತ್ತೆ."

"ಆಟಗಾರರು ಏನು ಮಾಡ್ಬೇಕು?"

"ಬೇರೆ ಏನಾದರೂ ಕೆಲಸ ಸಾರ್."

"ಬರುತ್ತೇನಯ್ಯಾ ಅವರಿಗೆ?" ಸಾಹೇಬರು ಕನ್ನಡಕ ತೆಗೆದರು. "ನೀನು ಇದನ್ನ ಮಾಡು ಅಂತ ಯಾರಾದ್ರೂ ಹೇಳಿದ್ರಾ?"

"ಇಲ್ಲ."

"ಸಂಬಳ ಕೊಟ್ರಾ?"

"ಇಲ್ಲ ಸಾರ್."

"ಯಾರೂ ಹೇಳದೆ, ಯಾರೂ ಕೊಡದೆ ಮಾಡೋದಕ್ಕೆ ಆಟ ಅಂತಾರೆ. ಅಲ್ಲಿ ಬೆವರು ಸುರಿಸ್ತಾ ಮೇಕೆ ಹತ್ತಿಸ್ತಿದ್ದಾನಲ್ಲ ನಿನ್ನ ಭಾವಮೈದುನ, ಅದಕ್ಕೆ ಕೆಲಸ ಅಂತಾರೆ. ಆಫೀಸಿನಲ್ಲಿ ಆಟ ಆಡಬೇಡ, ಹೋಗು."

ಮನೆಗೆ ಬಂದರೆ ಹೆಂಡತಿ ಸೋಪು ಹಾಕಿದ ಬಟ್ಟೆಯ ರಾಶಿಯ ಮುಂದೆ ಕೂತಿದ್ದಳು. ನಲ್ಲಿ ನಿಂತಿತ್ತು. ವಿಷಯ ಕೇಳಿ ಅವಳ ಮುಖ ಒಂದು ಗಳಿಗೆ ಅರಳಿತು, ಮರುಗಳಿಗೆಗೆ ಬಾಡಿತು.

"ಅವನ ಮದುವೆ ಒಂದು ಆಗಿಬಿಡಲಿ ರೀ."

"ನಿನ್ನ ಬಟ್ಟೆ?"

"ನಾನು ಹೇಗೋ ಮಾಡ್ಕೋತೀನಿ. ಅವನು ಮೊದಲನೇ ಸಲ ತಲೆಯೆತ್ತಿಕೊಂಡು ಮನೆಗೆ ಬರ್ತಿದ್ದಾನೆ. ಅದನ್ನ ಕಿತ್ಕೋಬೇಡಿ," ಎಂದಳು.

ರಿಪೇರಿಯವನು ಸುಮ್ಮನಾದ. ಆದರೆ ಆಪರೇಟಿಂಗ್ ಸಿಸ್ಟಂ ಸುಮ್ಮನಾಗಬೇಕಲ್ಲ! ಹೊಸ ಆವೃತ್ತಿ ಬಂದಾಗ ತಾನೇ ಇಳಿಸಿಕೊಂಡು ಹಾಕಿಕೊಳ್ಳುವ ಸ್ವಭಾವ ಅದರದು. ಅವನ ಸಾಲೂ ಅದರೊಡನೆ ಬಂದು ಕೂತಿತು. ಒಂದು ಬೆಳಿಗ್ಗೆ ಭಾವಮೈದುನನ ಮೇಕೆ ದೊಡ್ಡ ಬಂಡೆಯಿಂದ ಬಿತ್ತು. ಅವನು ವರದಿ ಬರೆದುಕೊಂಡು ಮೇಲ್ವಿಚಾರಕರ ಹತ್ತಿರ ಓಡಿದ. ಅನುಮತಿ ಬಂತು, ಊಟದ ಹೊತ್ತೂ ಬಂತು, ನೀರು ಮಾತ್ರ ನಿಲ್ಲಲೇ ಇಲ್ಲ. ಕಿಟಕಿಯಲ್ಲಿದ್ದ ಜನ ಬಿದ್ದ ಮೇಕೆಯನ್ನೂ ತುಂಬಿದ ಕೊಡಗಳನ್ನೂ ನೋಡಿ ಗಾಬರಿಯಾದರು. "ಏನೋ ಮೋಸ ಇದೆ," ಎಂದ ಒಬ್ಬ ಹಿರಿಯ, ಕೊಡದ ನೀರನ್ನು ಮೂಸಿ ನೋಡಿ.

ಆ ದಿನ ಹರಿದದ್ದನ್ನೆಲ್ಲ ಅನಧಿಕೃತ ನೀರು ಎಂದು ಘೋಷಿಸಿ ವಿಚಾರಣೆ ನಡೆಸಲಾಯಿತು. ಮೆಟ್ಟಿಲ ಮೇಲೆ ಆಟಗಾರರೆಲ್ಲ ಸಾಲಾಗಿ, ಕೈಗಳನ್ನು ಮಡಿಲಲ್ಲಿಟ್ಟು ಕೂತಿದ್ದರು. ಹೆಣ್ಣಿನ ತಂದೆ ಬಂದು, "ಕೆಲಸ ಇದೆಯೋ ಇಲ್ಲವೋ, ಒಂದು ಮಾತು ಹೇಳಿಬಿಡಿ," ಎಂದು ಬಾಗಿಲಲ್ಲೇ ನಿಂತರು. ಭಾವಮೈದುನ ನೆಲ ನೋಡುತ್ತಿದ್ದ.

"ನೀರು ಬರುವಂತೆ ಮಾಡಿದ್ದು ಯಾರು?" ಸಾಹೇಬರು ಕೇಳಿದರು.

"ನಾನೇ ಸಾರ್," ಎಂದ ರಿಪೇರಿಯವನು.

ಎಲ್ಲರೂ ಹೌಹಾರಿದರು. ಆದರೆ ಸಾಹೇಬರು ಕೆಟ್ಟವರಲ್ಲ. ಮೇಲಿನವರ ಜೊತೆ ಫೋನಿನಲ್ಲಿ ಬಹಳ ಹೊತ್ತು ಮಾತಾಡಿ ಬಂದು ನಗುತ್ತಾ ಹೇಳಿದರು. "ಇದನ್ನ ಸರಿ ಮಾಡೋದು ಗೊತ್ತಿರೋನು ನೀನೊಬ್ಬನೇ. ಅಂದಮೇಲೆ ಕೆಡಿಸೋದು ಗೊತ್ತಿರೋನೂ ನೀನೊಬ್ಬನೇ. ದೋಷ ಸಂರಕ್ಷಣಾಧಿಕಾರಿ ಅಂತ ಹುದ್ದೆ. ಖಾಯಂ. ಹೊಸ ಆವೃತ್ತಿ ಬಂದಾಗಲೆಲ್ಲ ಆ ನಿನ್ನ ಸಾಲು ಅಳಿಸಬೇಕು, ಅಷ್ಟೇ. ಬಿಟ್ಟಿ ತಿದ್ದಿದ್ದೀಯ, ಸಂಬಳಕ್ಕೆ ಕೆಡಿಸೋಕೇನಯ್ಯಾ ಕಷ್ಟ?"

ರಿಪೇರಿಯವನು ಭಾವಮೈದುನನ ಕಡೆ ನೋಡಿದ. ಅವನು "ಭಾವ," ಎಂದ, ಅಷ್ಟೇ. ರಿಪೇರಿಯವನು ಹೋಗಿ ಕಂಪ್ಯೂಟರಿನ ಮುಂದೆ ಕೂತ. ಅಲ್ಲಿ ದೂರದ ಯಾವುದೋ ಊರಿನವರೊಬ್ಬರ ಸಂದೇಶ ಬಂದು ಬಿದ್ದಿತ್ತು. "ನೀವು ಸೇರಿಸಿದ ಸಾಲಿನಿಂದ ನಮ್ಮ ಪಂಪು ನಿಲ್ಲದೆ ನಡೆಯುತ್ತಿದೆ. ನಿಮ್ಮ ಊರಿನವರು ಪುಣ್ಯವಂತರು." ಅವನಿಗೆ ಅಳು ಬಂತು. ಆದರೆ ಈಗ ಖಾಯಂ ನೌಕರ, ಕಚೇರಿಯಲ್ಲಿ ಅಳುವ ಹಾಗಿಲ್ಲ. ಸಾಲನ್ನು ಅಳಿಸಿ ಕೈಕಟ್ಟಿ ಕೂತ. ಪಂಪು ನಿಂತಿತು. ಹೊರಗೆ ಜನ ಚಪ್ಪಾಳೆ ತಟ್ಟಿದರು.

ಮದುವೆ ಚೆನ್ನಾಗಿ ಆಯಿತು. ಭಾವಮೈದುನ ಈಗ ಹಿರಿಯ ಆಟಗಾರ. ಅಕ್ಕ ಬಟ್ಟೆ ಜಾಲಿಸುವುದು ಅವನು ಆಡುವ ಪಾಳಿಯಲ್ಲಿ ಮಾತ್ರ. ಆಸ್ಪತ್ರೆಯವರಿಗೂ ಹಾಗೆಂದು ತಿಳಿಸಿದ್ದಾಳೆ, ಅವರೂ ರೋಗಿಗಳಿಗೆ ತಿಳಿಸಿದ್ದಾರೆ.

ಮೊನ್ನೆ ದೋಷ ಸಂರಕ್ಷಣಾಧಿಕಾರಿಗಳು ಸ್ನಾನ ಮಾಡುತ್ತಿದ್ದರು. ಮೈಯೆಲ್ಲ ಸೋಪು. ನಲ್ಲಿಯ ಧಾರೆ ಸಣ್ಣಗಾಯಿತು, ದಾರದಷ್ಟಾಯಿತು. ಮೇಕೆ ಎಲ್ಲೋ ಹಾರಲು ಅನುಮಾನಿಸಿ ನಿಂತಿರಬೇಕು. ಅವರು ಬಚ್ಚಲಿನ ಕಿಟಕಿಯಿಂದ ಕತ್ತು ಹೊರಹಾಕಿ, ಎದುರಿನ ಪಂಪು ಕೊಠಡಿಯ ಕಡೆಗೆ ಗಂಟಲು ಹರಿಯುವಂತೆ ಕೂಗಿದರು.

"ಎಡಕ್ಕೆ ಹಾರೋ! ಎಡಕ್ಕೆ!"

"ಎಡಕ್ಕಲ್ಲ ರೀ, ಆ ಬಂಡೆ ಅಲ್ಲಾಡುತ್ತೆ," ಎಂದಳು ಕೆಳಗಿನಿಂದ ಹೆಂಡತಿ. "ಬಲಕ್ಕೆ ಅನ್ನಿ."

"ಬಲಕ್ಕೋ!" ಎಂದರು ಅಧಿಕಾರಿಗಳು, ಮತ್ತು ನಲ್ಲಿಯ ಕೆಳಗೆ ಕೈಯೊಡ್ಡಿ ಕಾದರು.