ಕಬಡ್ಡಿ ತಂಡಕ್ಕೆ ತಗುಲಿದ ದೃಷ್ಟಿ

ಕಬಡ್ಡಿ ಆಟಗಾರನಿಗೆ ಪೆಟ್ಟಾಗುವುದು ಕೆಟ್ಟ ದೃಷ್ಟಿಯಿಂದ. ಹೊಸೂರಿನ ನಮ್ಮ ತಂಡದಲ್ಲಿ ಕೋಚ್‌ನಿಂದ ವ್ಯಾನ್ ಡ್ರೈವರ್‌ವರೆಗೆ ಎಲ್ಲರೂ ಇದನ್ನು ನಂಬಿದ್ದರು. ರಾಜ್ಯಮಟ್ಟದಲ್ಲಿ ಆಡುವ ತಂಡ. ಆಟಗಾರರೆಲ್ಲ ಕಾರ್ಖಾನೆಯ ಎರಡನೇ ಪಾಳಿಯವರು, ಕೆಲಸ ಬಿಡುವುದೇ ನಡುರಾತ್ರಿ. ನಾನು ಅವರ ಫಿಸಿಯೋ. ನಿದ್ದೆಗೆಟ್ಟ ಮೈಗೆ ಪೆಟ್ಟು ಬೇಗ ಆಗುತ್ತದೆ ಎಂದು ಹೇಳುವುದು ನನ್ನ ಕೆಲಸ, ಕೇಳದಿರುವುದು ಅವರದು. ಹೀಗಾಗಿ ಇಂಥವು ನಡೆಯುತ್ತಲೇ ಇರುತ್ತವೆ.

ಕತ್ತಲಲ್ಲಿ ಕಬಡ್ಡಿ

ಬೆಳಗ್ಗೆ ವಾಕಿಂಗ್ ಬರುವ ಆಲಸನತ್ತಂ ಬಡಾವಣೆಯ ಜನ ನಿಂತು ಅಭ್ಯಾಸ ನೋಡುತ್ತಾರೆ, ಅವರ ಕಣ್ಣೇ ತಗುಲಿದ್ದು ಎಂದು ಕೋಚ್ ತೀರ್ಮಾನಿಸಿದರು. ಅವರು ಏಳುವ ಮೊದಲೇ ಅಭ್ಯಾಸ ಮುಗಿಸುವುದೆಂದಾಯಿತು. ಮೊದಲ ದಿನವೇ ಎಡ ಮೂಲೆಯಲ್ಲಿ ಆಡುವವನು ನಿದ್ದೆಗಣ್ಣಲ್ಲಿ ಪಕ್ಕದವನ ಕಾಲನ್ನೇ ತಬ್ಬಿ ಹಿಡಿದ.

"ಬಿಡ್ಲಾ, ನಾನು ನಿನ್ ಕಡೆಯೋನೇ ಕಣ್ಲಾ."

ಬಿಡಲಿಲ್ಲ. ಸೀಟಿ ಊದುವವರೆಗೆ ಬಿಡಬಾರದೆಂದು ಕಲಿಸಿದವರು ಕೋಚೇ. ಸಿಕ್ಕಿಬಿದ್ದವನ ಮಂಡಿ ಊದಿಕೊಂಡಿತು. ನಾನು ಐಸ್ ಕಟ್ಟುತ್ತಿದ್ದಾಗ ಕೋಚ್ ಪಕ್ಕದಲ್ಲಿ ನಿಟ್ಟುಸಿರು ಬಿಟ್ಟರು. "ಎಂಥಾ ಕಣ್ಣು ನೋಡಿ ಸಾರ್. ಕತ್ಲಲ್ಲೂ ಕಂಡೈತೆ."

ನನ್ನ ಭಾಷಣ

ರಜೆಯ ಭಾನುವಾರ ನಿದ್ದೆಯ ಬಗ್ಗೆ ಮಾತಾಡಲು ನನಗೆ ಅನುಮತಿ ಸಿಕ್ಕಿತು. ಎಲ್ಲರಿಗೂ ತಿಳಿಯಲೆಂದು ಕನ್ನಡ, ತಮಿಳು, ತೆಲುಗು ಮೂರರಲ್ಲೂ ಹೇಳಿದೆ. ಕನ್ನಡ ಮುಗಿಯುವುದರೊಳಗೆ ಇಡೀ ತಂಡ ಗೊರಕೆ ಹೊಡೆಯುತ್ತಿತ್ತು. ಉಳಿದೆರಡು ಭಾಷೆಗಳನ್ನು ಗೋಡೆಗೆ ಹೇಳಿ, ಮಧ್ಯಾಹ್ನದವರೆಗೆ ಯಾರನ್ನೂ ಎಬ್ಬಿಸಲಿಲ್ಲ. ಆ ಸಂಜೆಯ ಪಂದ್ಯದಲ್ಲಿ ಒಬ್ಬನಿಗೂ ಪೆಟ್ಟಾಗಲಿಲ್ಲ. ಕೀರ್ತಿಯೆಲ್ಲ ದೃಷ್ಟಿಗೆಂದು ಕೋಚ್ ಬಾಗಿಲಿಗೆ ಕಟ್ಟಿದ್ದ ನಿಂಬೆಹಣ್ಣಿಗೆ ಹೋಯಿತು.

ಅಂಚೆಟ್ಟಿಯ ಅಜ್ಜಿ

ನಮ್ಮ ಮುಖ್ಯ ರೈಡರ್ ಅಂಚೆಟ್ಟಿ ಕಡೆಯ ಹಳ್ಳಿಯವನು. ಕೃಷ್ಣಗಿರಿಯಲ್ಲಿ ನಡೆಯುವ ರಾಜ್ಯ ತಂಡದ ಆಯ್ಕೆಗೆ ಇನ್ನೊಂದು ವಾರವಿರುವಾಗ ಅವನ ಕಾಲು ಉಳುಕಿತು. "ಈ ಸಲ ಬಿಟ್ರೆ ವಯಸ್ಸು ದಾಟ್‌ಬುಡ್ತದೆ ಸಾರ್," ಎಂದ. ನಾನು ಪಾಳಿಗೆ ರಜೆ ಹಾಕಿ ಮಲಗು ಎಂದೆ. ಕೋಚ್ ಬೇರೆ ಹೇಳಿದರು: ಊರಿಗೆ ಹೋಗು, ನಿಮ್ಮಜ್ಜಿ ಕೈಲಿ ದೃಷ್ಟಿ ತೆಗೆಸಿಕೊಂಡು ಬಾ. ದೃಷ್ಟಿ ತೆಗೆಯುವುದರಲ್ಲಿ ಆ ಅಜ್ಜಿ ಸುತ್ತಮುತ್ತ ಹೆಸರಾದವರು. ರಜೆ ಕೋಚ್ ಮಾತಿಗೇ ಸಿಕ್ಕಿತು.

ಹುಡುಗ ವಾರ ಕಳೆದು ಕುಂಟದೆ ಬಂದ, ಆಡಿದ, ಆಯ್ಕೆಯಾದ. ಕೋಚ್ ನನ್ನ ಕಡೆ ನೋಡಿದ ನೋಟವೂ ಒಂದು ಬಗೆಯ ದೃಷ್ಟಿಯೇ ಇರಬೇಕು.

ಮರುವಾರ ಇಡೀ ತಂಡಕ್ಕೆ ದೃಷ್ಟಿ ತೆಗೆಸಲು ತೆಂಗಿನಕಾಯಿ, ಸೀರೆ ಸಮೇತ ವ್ಯಾನ್ ಹೊರಟಿತು. ನನ್ನನ್ನೂ ಕೂರಿಸಿಕೊಂಡರು, ನೋಡಿ ಕಲಿಯಲಿ ಎಂದು. ಅಜ್ಜಿ ಅಂಗಳದಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. ಕೋಚ್ ಕೈಮುಗಿದು, ಹುಡುಗನಿಗೆ ತೆಗೆದ ಹಾಗೆಯೇ ಇವರೆಲ್ಲರಿಗೂ ತೆಗೆಯಬೇಕು ಎಂದರು.

ಅಜ್ಜಿ ಮೊಮ್ಮಗನ ಮುಖ ನೋಡಿದರು, ಕೋಚ್ ಮುಖ ನೋಡಿದರು.

"ಅವನಿಗೆಲ್ಲಿ ತೆಗುದ್ನಪ್ಪಾ? ಬಂದೋನು ಬಂದಂಗೇ ಮಲಗ್‌ಬುಟ್ಟ. ಹೊತ್ತೊತ್ತಿಗೆ ಎದ್ದು ಉಣ್ಣೋನು, ತಿರ್ಗಾ ಮಲಗೋನು. ಎಬ್ಸಕ್ಕೆ ಮನ್ಸು ಬರ್ಲಿಲ್ಲ. ದೃಷ್ಟಿ ತೆಗೀಲೇ ಇಲ್ಲ."