ಗೋಣಿಚೀಲದ ಮೇಲಿನ ಕಲ್ಲನ್ನು ವ್ಯಾಖ್ಯಾನಿಸಿದವರಿಗೆ

ಕಲಾವಿಮರ್ಶಕ ಶ್ರೀ ಬಸವಪ್ರಭು ಅವರ ದಿವ್ಯದೃಷ್ಟಿಗೆ,

ಮಾನ್ಯರೇ,

ಗಾಂಧಿ ಬಜಾರಿನ ಸೊಪ್ಪು, ಹೂವು, ನಿಂಬೆಹಣ್ಣಿನವರೆಲ್ಲರ ಪರವಾಗಿ ಸಾಷ್ಟಾಂಗ ನಮಸ್ಕಾರಗಳು. ಫುಟ್‌ಪಾತಿನಲ್ಲಿ ಅಡ್ಡಬೀಳಲು ಜಾಗವಿಲ್ಲದ್ದರಿಂದ ನಿಂತೇ ಮಾಡಿದ್ದೇವೆ, ಮನ್ನಿಸಬೇಕು.

ಒಂದು ಒದ್ದೆ ಗೋಣಿಚೀಲ, ಅದರ ಮೇಲೊಂದು ಕಲ್ಲು, ಇಷ್ಟೇ ಇರುವ ಪಟದ ಬಗ್ಗೆ ತಾವು ಛಾಯಾಚಿತ್ರ ಪ್ರದರ್ಶನದ ಪುಸ್ತಕದಲ್ಲಿ ಒಂಬತ್ತು ಪುಟ ಬರೆದಿದ್ದೀರಿ. ಪಟ ತೆಗೆದ ರಮ್ಯಾ ಅದಕ್ಕೆ 'ಗಾಂಧಿ ಬಜಾರ್, ಬೆಳಿಗ್ಗೆ' ಎಂದಷ್ಟೇ ಹೆಸರಿಟ್ಟಿದ್ದರು. ತಾವು ಮಾತ್ರ ಅದರಲ್ಲಿ 'ಗೈರುಹಾಜರಿಯ ಮಹಾಮೌನ'ವನ್ನೂ, 'ನಗರ ತೊರೆದ ದೇಹದ ಗೋರಿ'ಯನ್ನೂ, 'ಯಾರೂ ಮರಳದ ಸ್ಥಳ'ವನ್ನೂ ಕಂಡಿರಿ. ಒಂಬತ್ತನೇ ಪುಟ ಮುಗಿಯುವಷ್ಟರಲ್ಲಿ ನನಗೂ ಅಳು ಬಂತು. ಸತ್ತವರು ಯಾರೆಂದು ಮಾತ್ರ ತಿಳಿಯಲಿಲ್ಲ.

ಆ ಗೋಣಿಯ ಕೆಳಗಿದ್ದದ್ದು ದಂಟು, ಸಬ್ಬಸಿಗೆ, ಮೆಂತ್ಯ. ಬಾಡದಿರಲೆಂದು ಒದ್ದೆ ಗೋಣಿ ಹೊದಿಸಿ ಕಲ್ಲಿಟ್ಟು ಹೋದರೆ, ಜಾಗ ನನ್ನದು, ಈಗ ಬಂದೆ ಎಂದು ಅರ್ಥ. ಬಜಾರಿನ ದನಗಳನ್ನು ಬಿಟ್ಟರೆ ಇದು ಎಲ್ಲರಿಗೂ ಗೊತ್ತು. ಮೂವತ್ತೊಂದು ವರ್ಷದಿಂದ ಅಲ್ಲಿ ಕೂರುವ ನಾರಾಯಣಮ್ಮನವರಿಗೆ ತಮ್ಮ ಲೇಖನ ಓದಿ ಹೇಳಿದೆ.

"ಕಾಪಿ ಕುಡ್ಯಕ್ ಹೋಗಿದ್ನಪ್ಪ, ಸತ್ತೋಗಿರ್ಲಿಲ್ಲ" ಎಂದರು.

ಇಷ್ಟಕ್ಕೇ ನಿಂತಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆವು. ಆದರೆ ಆ ಪ್ರದರ್ಶನಕ್ಕೆ ದೀಪ ಹಚ್ಚಿದ ಪಾಲಿಕೆ ಅಧಿಕಾರಿಗಳೇ ಬೀದಿ ವ್ಯಾಪಾರಿಗಳ ಪಟ್ಟಿ ಮಾಡಲು ಬಂದು, ತಮ್ಮ ಆ ಒಂಬತ್ತು ಪುಟ ತೆರೆದು, ಆ ಜಾಗ ಖಾಲಿಯೆಂದು ಬರೆದುಕೊಂಡು, ಅಲ್ಲೊಂದು ಶಿಲ್ಪ ನಿಲ್ಲಿಸುವುದಾಗಿ ಹೇಳಿ ಹೋಗಿದ್ದಾರೆ. ಎದುರಿಗೇ ಸೊಪ್ಪಿಗೆ ನೀರು ಚಿಮುಕಿಸುತ್ತ ಕೂತಿದ್ದ ಹೆಂಗಸು ಅವರಿಗೆ ಕಾಣಲಿಲ್ಲ. ತಮ್ಮ ಬರಹದ ಶಕ್ತಿ ಅಂಥದ್ದು. ಲಾಠಿಯಿಂದ ಆಗದ್ದನ್ನು ತಾವು ಒಂಬತ್ತು ಪುಟದಲ್ಲಿ ಮಾಡಿದ್ದೀರಿ, ಅದೂ ಬಡವರ ಮೇಲಿನ ಕರುಣೆಯಿಂದ.

ಆದ್ದರಿಂದ ತಾವು ದಯಮಾಡಿ ಹತ್ತನೇ ಪುಟವೊಂದನ್ನು ಬರೆಯಬೇಕು. ನಾರಾಯಣಮ್ಮ ಇದ್ದಾರೆ ಎಂಬ ಒಂದೇ ವಾಕ್ಯ ಸಾಕು. ಅದು ತಮ್ಮ ಘನತೆಗೆ ತೀರಾ ಸರಳವೆನಿಸಿದರೆ, ಒಂದು ತಿಂಗಳು ತಾವೇ ಆ ಗೋಣಿಯ ಹಿಂದೆ ಕೂತು, ಮಹಾಮೌನವನ್ನು ಕಟ್ಟು ಕಟ್ಟಿ ಗಿರಾಕಿಗಳಿಗೆ ಮಾರಿ ತೋರಿಸಬೇಕು. ಶಿಲ್ಪ ಬರುವ ದಿನ ನಾವೆಲ್ಲ ಅಲ್ಲೇ ಕೂತಿರುತ್ತೇವೆ. ಏಳುವುದಿಲ್ಲ. ಅದನ್ನೂ ವ್ಯಾಖ್ಯಾನಿಸಿ.

ಆ ಕಲ್ಲಿನಷ್ಟೇ ಗಟ್ಟಿಯಾಗಿ,
ತಮ್ಮ ವಿಶ್ವಾಸಿ
ಸೊಣ್ಣಪ್ಪ, ಎನ್.ಆರ್. ಕಾಲೋನಿ

ತಾ.ಕ.: ಕಳೆದ ಭಾನುವಾರ ತಮ್ಮ ಉಪನ್ಯಾಸಕ್ಕೆ ನಾರಾಯಣಮ್ಮನವರನ್ನೂ ಕರೆತಂದಿದ್ದೆ. ಶುರುವಾಗುವ ಮೊದಲು ತಾವು ಮುಂದಿನ ಸಾಲಿನ ಕುರ್ಚಿಯ ಮೇಲೆ ಕರವಸ್ತ್ರ ಹಾಕಿ ಕಾಫಿಗೆ ಎದ್ದು ಹೋದಿರಿ. ಅಲ್ಲಿ ಕೂರಲು ಬಂದ ಮೂವರನ್ನೂ ನಾರಾಯಣಮ್ಮನವರೇ ತಡೆದು ಕಳಿಸಿದರು: "ಜನ ಇದಾರೆ, ಬರ್ತಾರೆ."